ನೀಲಗಟ್ಟಿ ಕಲ್ಲಿನ ಬೆನ್ನು

“ಏ... ನೀರು ಹಾಕಬ್ಯಾಡ್ರಿ!”

ಆ ಕೂಗು ಕಿವಿಗೆ ಬೀಳುವಷ್ಟರಲ್ಲಿ ಬಕೆಟ್ ಖಾಲಿಯಾಗಿತ್ತು.

ಶೈಲಶ್ರೀ ಬೆಚ್ಚಿ ಹಿಂದೆ ಸರಿದಳು. ಎದುರಿಗೆ ಎದೆಮಟ್ಟದ ವೀರಗಲ್ಲು. ಮೇಲೆಲ್ಲ ಎಣ್ಣೆಯ ಜಿಡ್ಡು, ಹಕ್ಕಿ ಹಿಕ್ಕೆ, ನೀಲಗಟ್ಟಿ ಕೆರೆಯ ಧೂಳು. ತೊಳೆದರೆ ತಾನೇ ಅಕ್ಷರ ಕಾಣುವುದು? ಅದಕ್ಕೇ ಬೋರಿಂಗಿನಿಂದ ನೀರು ಹೊತ್ತು ತಂದು ಕಲ್ಲಿನ ನೆತ್ತಿಯ ಮೇಲಿಂದಲೇ ಸುರಿದಿದ್ದಳು. ಕಲ್ಲಿಗೆ ಬೆನ್ನೂ ಇರುತ್ತದೆ, ಆ ಬೆನ್ನಿಗೆ ಯಾರೋ ಕಾಗದ ಹಚ್ಚಿರುತ್ತಾರೆ ಎಂದು ಅವಳಿಗೇನು ಕನಸು ಬಿದ್ದಿತ್ತೇ?

ಚಹಾದ ಕಪ್ಪು ಕೈಯಲ್ಲಿ ಹಿಡಿದೇ ಓಡಿ ಬಂದ ಯುವಕ, ಕಲ್ಲಿನ ಹಿಂದೆ ಹೋಗಿ ಹಾಗೇ ಕುಸಿದು ಕೂತ. ಬೆಳಗಿನಿಂದ ಅವನು ಆ ಕಲ್ಲಿನ ಪಡಿಯಚ್ಚು ತೆಗೆಯುತ್ತಿದ್ದ. ಒದ್ದೆ ಕಾಗದವನ್ನು ಕಲ್ಲಿಗೆ ಹಚ್ಚಿ, ಬ್ರಷ್ಷಿನಿಂದ ತಟ್ಟಿ ತಟ್ಟಿ ಅಕ್ಷರಗಳ ಗುಣಿಗೆ ಇಳಿಸಿ, ಮೇಲೆ ಮಸಿ ಒತ್ತಿದ್ದ. ಒಣಗಿದ ಮೇಲೆ ಸುಲಿದರೆ ಬರಹವೆಲ್ಲ ಕಾಗದಕ್ಕೆ ಬರಬೇಕಿತ್ತು. ಈಗ ಮಸಿ ಕರಗಿ ಅವನ ಚಪ್ಪಲಿಯ ಮೇಲೆ ತೊಟ್ಟಿಕ್ಕುತ್ತಿತ್ತು.

“ಮೂರು ತಾಸಿನ ಕೆಲಸ ರೀ,” ಎಂದ ಮೆತ್ತಗೆ. “ಬೈಯಾಕೂ ಬಾಯಿ ಬರವಲ್ದು.”

ಬೈದಿದ್ದರೆ ಶೈಲಶ್ರೀಗೆ ಸುಲಭವಾಗುತ್ತಿತ್ತು. ಬೈಯುವವರಿಗೆ ಉತ್ತರ ಕೊಟ್ಟು ಅವಳಿಗೆ ಅಭ್ಯಾಸವಿತ್ತು. ಇವನೋ, ಒದ್ದೆ ಕಾಗದವನ್ನು ಸುಲಿದು ಬೇಲಿಯ ಮೇಲೆ ಹಾಕಿ, ಉಳಿದ ಅರ್ಧ ಕಪ್ಪು ಚಹಾವನ್ನು ಅವಳ ಕಡೆಗೇ ಚಾಚಿದ!

ಶರಣು ಸವಣೂರಿನವನು, ಶಾಸನಗಳ ಮೇಲೆ ಸಂಶೋಧನೆ ಮಾಡುತ್ತಿದ್ದವನು. ಇವಳು ಹಿರೇಕೆರೂರಿನವಳು, ಹಾನಗಲ್ಲಿನ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ. ಇಬ್ಬರೂ ಶಿಗ್ಗಾಂವಿ ತಾಲೂಕಿನ ಈ ಪುಟ್ಟ ಊರಿಗೆ ಒಂದೇ ದಿನ, ಒಂದೇ ಕಲ್ಲು ಹುಡುಕಿಕೊಂಡು ಬಂದಿದ್ದರು. ಈ ಕಸುಬಿನಲ್ಲಿ ಒಂದು ಕಟ್ಟುಪಾಡಿದೆ. ಕಲ್ಲನ್ನು ಮೊದಲು ಕಂಡವರೇ ಅದರ ಬಗ್ಗೆ ಮೊದಲು ಬರೆಯಬೇಕು, ಪಡಿಯಚ್ಚು ಯಾರದೋ ಅವರ ಹೆಸರು ಹಾಕಲೇಬೇಕು. ಅರ್ಧ ತಾಸು ಜಗಳಾಡಿ ಕೊನೆಗೆ ಪಾಲು ಮಾಡಿಕೊಂಡರು. ಕಲ್ಲಿನ ಮುಖ ಅವಳಿಗೆ, ಬೆನ್ನು ಅವನಿಗೆ.

ಮನೆ ಪಾಲಾಗುವುದನ್ನು ನೋಡಿದ್ದೇವೆ, ಹೊಲ ಪಾಲಾಗುವುದನ್ನೂ ನೋಡಿದ್ದೇವೆ. ಕಲ್ಲು ಪಾಲು ಮಾಡಿಕೊಂಡು ಮನಸ್ಸು ಒಂದು ಮಾಡಿಕೊಂಡವರು ಇವರಿಬ್ಬರೇ ಇರಬೇಕು.

ಬೆನ್ನಿನ ಕಡೆ ಮತ್ತೊಮ್ಮೆ ಪಡಿಯಚ್ಚು ತೆಗೆಯಬೇಕು ಎನ್ನುವಷ್ಟರಲ್ಲಿ ಮಳೆಗಾಲ ಬಂತು. ಕಲ್ಲಿದ್ದದ್ದು ಕೆರೆಯಂಚಿಗೆ. ಕೆರೆ ತುಂಬಿ ಕಲ್ಲಿನ ಹಿಂದೆ ಸೊಂಟಮಟ ನೀರು ನಿಂತಿತು. ನೀರಿಳಿಯಲಿ ಎಂದು ಕಾಯುತ್ತ, ಇಬ್ಬರೂ ಅವನ ಬೈಕಿನ ಮೇಲೆ ನಾಲ್ಕು ತಾಲೂಕು ತಿರುಗಿದರು. ಹೊಲದ ಬದುವಿನಲ್ಲಿ, ಮಸೀದಿಯ ಹಿತ್ತಲಲ್ಲಿ, ಬಟ್ಟೆ ಒಗೆಯುವ ಕಲ್ಲುಗಳ ನಡುವೆ ಹಳೆಯ ಅಕ್ಷರ ಹುಡುಕಿದರು. ‘ರೀ’ ಹೋಗಿ ‘ನೀ’ ಬಂತು. ಕುಂತಲ್ಲಿ ಕೂರದ, ನಿಂತಲ್ಲಿ ನಿಲ್ಲದ ಶೈಲಶ್ರೀ ಅವನ ಪಕ್ಕದಲ್ಲಿ ಮಾತ್ರ ಗಂಟೆಗಟ್ಟಲೆ ಸುಮ್ಮನೆ ಕೂರುತ್ತಿದ್ದಳು. ಅದಕ್ಕೆ ಏನೆನ್ನುತ್ತಾರೆ ಎಂದು ಅವಳಿಗೆ ಗೊತ್ತಿತ್ತು. ಹೇಳಿರಲಿಲ್ಲ, ಅಷ್ಟೇ.

ಸಂಕ್ರಾಂತಿ ಕಳೆಯಿತು. ಶರಣುವಿನ ಫೋನು ನಿಂತಿತು.

ಒಂದು ದಿನ, ಎರಡು ದಿನ... ನಲವತ್ತು ದಿನ. ಮೆಸೇಜು ಓದುತ್ತಿದ್ದ, ಉತ್ತರವಿಲ್ಲ.

‘ನಾ ಏನ ತಪ್ಪು ಮಾಡೇನಿ? ಹೇಳಿದ್ರ ತಿದ್ಕೊತಿದ್ದೆ...’

ಶೈಲಶ್ರೀ ಹಗಲೆಲ್ಲ ಪೆನ್ನಿನ ಮುಚ್ಚಳ ಕಚ್ಚಿದಳು, ಪಾಠ ಮಾಡುತ್ತ ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ನಡೆದಳು. ಅವಳಿಗೆ ನಡೆಯಲು ಬೇರೆ ಕಾರಣಗಳೂ ಇದ್ದವು. ಕಾಲೇಜಿನಲ್ಲಿ ಇತಿಹಾಸಕ್ಕೆ ವಿದ್ಯಾರ್ಥಿಗಳೇ ಇಲ್ಲದೆ, ಬರುವ ವರ್ಷದಿಂದ ಅವಳ ಕೆಲಸವೇ ಇರಲಿಲ್ಲ. ಉಳಿದಿದ್ದು ಒಂದೇ ದಾರಿ. ಗೊಟಗೋಡಿಯಲ್ಲಿ ನಡೆಯುವ ಮೂರು ದಿನದ ವಿಚಾರಸಂಕಿರಣದಲ್ಲಿ ಕಿರಿಯ ಸಂಶೋಧಕರಿಗೊಂದು ಗೋಷ್ಠಿ ಇತ್ತು. ಅಲ್ಲಿ ಒಳ್ಳೆಯ ಪ್ರಬಂಧ ಓದಿದ ಒಬ್ಬರಿಗೆ ಎರಡು ವರ್ಷದ ಫೆಲೋಶಿಪ್. ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳ ವೀರಗಲ್ಲುಗಳನ್ನೆಲ್ಲ ದಾಖಲಿಸುವ ಕೆಲಸ.

ಮೂವತ್ತು ತುಂಬಿದವರಿಗೆ ಅರ್ಜಿ ಹಾಕಲು ಬರುವುದಿಲ್ಲ. ಶೈಲಶ್ರೀಗೆ ಬರುವ ಶ್ರಾವಣಕ್ಕೆ ಮೂವತ್ತು!

ಅಪ್ಪ ಕುಬೇರಪ್ಪ ಕಟುಕನಲ್ಲ. ಮಗಳು ಹೊಲ ಹೊಲ ಅಲೆದು ಕಲ್ಲು ತೊಳೆಯುವುದನ್ನು ಐದು ವರ್ಷ ಸಹಿಸಿಕೊಂಡವನು. ಆದರೆ ಈ ಸಲ ಫೆಲೋಶಿಪ್ ಸಿಗದಿದ್ದರೆ ಸಾಕು ಮಾಡು, ನಾನು ತೋರಿಸಿದ ವರನಿಗೆ ಒಪ್ಪು ಎಂದು ಮಾತು ತೆಗೆದುಕೊಂಡಿದ್ದ. ಅವಳೂ ಕೊಟ್ಟಿದ್ದಳು. ಕೊಟ್ಟ ಮಾತು ಈಗ ನುಂಗಲಾರದ ತುತ್ತಾಗಿತ್ತು.

ಗೊಟಗೋಡಿಯಲ್ಲಿ ಎರಡು ದಿನ ಕಳೆದದ್ದೇ ತಿಳಿಯಲಿಲ್ಲ. ಹಿರಿಯರೆಲ್ಲ ವೇದಿಕೆಯ ಮೇಲೆ, ಕಿರಿಯರೆಲ್ಲ ಜಗುಲಿಯಲ್ಲಿ! ವಸ್ತುಸಂಗ್ರಹಾಲಯದಲ್ಲಿ ಜಾಗ ಇದೆಯಂತೆ, ಉತ್ಖನನಕ್ಕೆ ನಾಲ್ವರು ಬೇಕಂತೆ ಎಂಬ ಸುದ್ದಿಯ ಹಿಂದೆ ಎಲ್ಲರೂ ಬಯೋಡೇಟಾ ಹಿಡಿದು ಓಡುತ್ತಿದ್ದರು. ಊಟದ ಸಾಲಿನಲ್ಲಿ ದೊಡ್ಡ ಪ್ರೊಫೆಸರರ ಹಿಂದೆ ನಿಲ್ಲಲು ನೂಕುನುಗ್ಗಲು. ಬಂಕಾಪುರದ ಕೋಟೆ ಬಾಗಿಲುಗಳ ಬಗ್ಗೆ ಬರೆದಿದ್ದ ಗೆಳತಿ ಅಫ್ಸಾನಾ, ಹೀಗೆ ಒಬ್ಬರಿಗೆ ಉಪ್ಪಿನಕಾಯಿ ಬಡಿಸಿಯೇ ತರಬೇತಿಗೆ ಹೆಸರು ಬರೆಸಿಕೊಂಡಿದ್ದಳು.

ಎರಡನೆಯ ದಿನ ಮಧ್ಯಾಹ್ನ ಮರುದಿನದ ಪಟ್ಟಿ ಕೈಗೆ ಬಂತು. ಶೈಲಶ್ರೀಯ ಪ್ರಬಂಧ ಹನ್ನೆರಡನೆಯದು. ಅದರ ಮೇಲೆಯೇ, ಹನ್ನೊಂದನೆಯದು: ‘ನೀಲಗಟ್ಟಿ ವೀರಗಲ್ಲಿನ ಬೆನ್ನು — ಶರಣು’.

ಶೈಲಶ್ರೀ ಆ ಸಾಲನ್ನು ಮತ್ತೊಮ್ಮೆ ಓದಿದಳು.

‘ಬೆನ್ನಾ? ಬೆನ್ನಿನ ಬಗ್ಗೆ ಹೆಂಗ ಬರದಾ? ಪಡಿಯಚ್ಚು ಎಲ್ಲೈತಿ ಅವನ ಕಡೆ?’

ಓದುಗರಿಗೆ ಒಂದು ಗುಟ್ಟು ಹೇಳಿಬಿಡಬೇಕು. ಆ ದಿನ ಶರಣು ಬೇಲಿಯ ಮೇಲೆ ಹಾಕಿ ಹೋದ ಒದ್ದೆ ಕಾಗದವನ್ನು ಶೈಲಶ್ರೀ ಎತ್ತಿಕೊಂಡು ಬಂದಿದ್ದಳು. ಮಸಿ ಹರಿದುಹೋಗಿತ್ತು, ಆದರೆ ಗುಣಿಗೆ ಇಳಿದಿದ್ದ ಕಾಗದದಲ್ಲಿ ಅಕ್ಷರದ ಉಬ್ಬುತಗ್ಗು ಉಳಿದಿತ್ತು. ಓರೆ ಬೆಳಕಿಗೆ ಹಿಡಿದರೆ ಒಂದೊಂದೇ ಅಕ್ಷರ ಕಾಣುತ್ತಿತ್ತು. ಎಂಟು ತಿಂಗಳು ಕಣ್ಣು ನೋಯಿಸಿಕೊಂಡು ಹತ್ತೂ ಸಾಲು ಓದಿದ್ದಳು. ಮೊದಲು ಹೇಳಲು ನಾಚಿಕೆ, ಆಮೇಲೆ ಪೂರ್ತಿ ಓದಿಯೇ ಅವನ ಕೈಗಿಡಬೇಕೆಂಬ ಆಸೆ. ಇಡುವ ಹೊತ್ತಿಗೆ ಅವನೇ ಕಾಣೆಯಾಗಿದ್ದ.

ಅವನಲ್ಲಿ ಪಡಿಯಚ್ಚು ಇದೆ ಎಂದರೆ ಒಂದೇ ಅರ್ಥ. ನೀರಿಳಿದ ಕೂಡಲೇ ಒಬ್ಬನೇ ಹೋಗಿ, ಹೊಸದು ತೆಗೆದುಕೊಂಡು, ಅವಳಿಗೆ ಸುಳಿವು ಕೊಡದೆ ಫೆಲೋಶಿಪ್ಪಿಗೆ ಹಾಕಿದ್ದಾನೆ. ಅದಕ್ಕೇ ಫೋನು ಎತ್ತಿಲ್ಲ!

ಜಗುಲಿಯ ಕಂಬದ ಹತ್ತಿರ ಸಿಕ್ಕ. ಸೊರಗಿದ್ದ. ಅವಳನ್ನು ನೋಡಿ ಮುಖ ಅರಳಿತು, ಆ ಕ್ಷಣವೇ ಬಾಡಿತು.

“ನೀಲಗಟ್ಟಿಗೆ ಹೋಗಿದ್ದಿ, ಹೌದಿಲ್ಲೋ?” ಎಂದಳು.

“ಹೋಗಿದ್ದೆ.”

“ನನಗ ಹೇಳಲಾರದ?”

“ಹೇಳಾಕ ಧೈರ್ಯ ಬರಲಿಲ್ಲ, ಶೈಲಾ. ನಾಳೆ ನನ್ನ ಪ್ರಬಂಧ ಕೇಳು. ಆಮ್ಯಾಲ ನೀ ಏನ ಅಂದ್ರೂ ಅನ್ನಿಸ್ಕೊತೇನಿ.”

“ಕೇಳೂದೇನೈತಿ? ಈ ಫೆಲೋಶಿಪ್ ಹೋದ್ರ ನನ್ನ ಗತಿ ಏನಾಕ್ಕೈತಿ ಅಂತ ಗೊತ್ತಿದ್ದಾವ ನೀ ಒಬ್ಬನ.”

ಅವನು ಬಾಯಿ ತೆರೆಯುವ ಮೊದಲೇ ಅವಳು ತಿರುಗಿ ನಡೆದಳು. ನಡೆದಳು ಎಂದರೆ ತಪ್ಪಾದೀತು. ಅತ್ತುಬಿಟ್ಟೇನು ಎಂಬ ಭಯಕ್ಕೆ ಓಡಿದಳು.

ಕೋಪದ ಕೈಗೆ ಬುದ್ಧಿ ಕೊಟ್ಟರೆ ಏನಾಗುತ್ತದೋ ಅದೇ ಆಯಿತು. ಕೋಣೆಗೆ ಬಂದವಳೇ ಲ್ಯಾಪ್‌ಟಾಪ್ ತೆರೆದು, ಕಲ್ಲಿನ ಮುಖದ ಬಗ್ಗೆ ಬರೆದಿದ್ದ ತನ್ನ ಪ್ರಬಂಧದಲ್ಲಿ ಬೆನ್ನಿನ ಹತ್ತೂ ಸಾಲು ಸೇರಿಸಿದಳು. ಕಾಗದದ ಫೋಟೋ ಹಾಕಿದಳು. ಕೆಳಗೆ ಬರೆದಳು: ‘ಪಡಿಯಚ್ಚು: ಶೈಲಶ್ರೀ’.

‘ಅಂವಾ ಮಾಡಿದ್ದು ಸರಿ ಆದ್ರ, ನಾ ಮಾಡೂದೂ ಸರಿ.’

ಬರೆದಿದ್ದನ್ನು ಅಫ್ಸಾನಾಗೆ ತೋರಿಸಲಿಲ್ಲ. ಸರಿಯಾದ ಕೆಲಸ ಮಾಡಿದವರು ಹೀಗೆ ಪರದೆ ಮಡಚಿಡುವುದಿಲ್ಲ.

ಮೂರನೆಯ ದಿನ, ಬೆಳಗಿನ ಹನ್ನೊಂದೂವರೆ. ಗೋಷ್ಠಿಯ ಅಧ್ಯಕ್ಷರು ಖಾದರಸಾಬ ಸರ್. ಎಪ್ಪತ್ತರ ಹಿರಿಯರು. ಬೆರಳಿನಿಂದ ಸವರಿಯೇ ಶಾಸನ ಓದುತ್ತಾರೆ ಎಂದು ಅವರ ಬಗ್ಗೆ ಮಾತಿತ್ತು. ಹನ್ನೊಂದನೆಯವನ ಹೆಸರು ಕರೆದಾಗ ಶರಣು ಬರಿಗೈಯಲ್ಲಿ ವೇದಿಕೆ ಹತ್ತಿದ. ಪರದೆಯ ಮೇಲೆ ಒಂದೇ ಚಿತ್ರ ಬಂತು.

ಕೆರೆಯ ಏರಿಯ ಮೇಲೆ ಹೊಸ ಗುಡಿ. ಬಿಳಿ ಟೈಲ್ಸು. ಒಳಗೆ ಆ ಕಲ್ಲು ಗೋಡೆಗೆ ಬೆನ್ನು ಹಚ್ಚಿ, ಸುತ್ತ ಸಿಮೆಂಟು ಹಾಕಿಸಿಕೊಂಡು ನಿಂತಿತ್ತು. ಮುಂದೆ ದೀಪ.

ಶೈಲಶ್ರೀ ಕುರ್ಚಿಯ ತುದಿಗೆ ಬಂದಳು.

“ಇದು ಪ್ರಬಂಧ ಅಲ್ರಿ, ತಪ್ಪೊಪ್ಪಿಗಿ,” ಎಂದ ಶರಣು. ದನಿ ಒಣಗಿತ್ತು. ಕಳೆದ ಬೇಸಿಗೆಯಲ್ಲಿ ತಾನೇ ನೀಲಗಟ್ಟಿಯ ಹಿರಿಯರನ್ನು ಕೂಡಿಸಿ, ಇದು ಎಂಟುನೂರು ವರ್ಷದ ಕಲ್ಲು, ನಿಮ್ಮೂರಿನ ದನ ಕಾಯಲು ಸತ್ತ ವೀರ, ಜ್ವಾಕಿ ಮಾಡಿ, ಕಾಪಾಡಿಕೊಳ್ಳಿ ಎಂದು ಹೇಳಿದ್ದನ್ನು ವಿವರಿಸಿದ. ಅವರು ಜ್ವಾಕಿ ಮಾಡಿದರು. ತಮಗೆ ತಿಳಿದ ಹಾಗೆ ಮಾಡಿದರು. ಪೇಟೆಯಿಂದ ಬಂದವರು ಇಷ್ಟು ಭಕ್ತಿಯಿಂದ ತೊಳೆದು, ಕಾಗದ ಹಚ್ಚಿ ಹೋದ ಕಲ್ಲು ದೇವರೇ ಇರಬೇಕೆಂದು, ಸಂಕ್ರಾಂತಿಗೆ ನೀರಿಳಿದ ಕೂಡಲೇ ಎತ್ತಿ ತಂದು ಗುಡಿ ಕಟ್ಟಿದರು. ಅವನು ಕಾಗದ, ಬ್ರಷ್ಷು ಹಿಡಿದು ಹೋದಾಗ ಸಿಮೆಂಟು ಒಣಗಿತ್ತು. ಬೆನ್ನಿನ ಮೇಲೆ ಹತ್ತು ಸಾಲಿನ ಬರಹವಿತ್ತು. ಅದನ್ನು ಯಾರೂ ಓದಲಿಲ್ಲ.

“ಮೊದಲು ತೆಗೆದ ಪಡಿಯಚ್ಚು ಏನಾತು?” ಅಧ್ಯಕ್ಷರು ಕೇಳಿದರು.

ಶರಣು ಸಭೆಯ ಕಡೆ ನೋಡಲಿಲ್ಲ. “ನೀರು ಬಿದ್ದು ಹಾಳಾತ್ರಿ. ನನ್ನ ಹುಷಾರಗೇಡಿತನ.”

ಶೈಲಶ್ರೀಗೆ ಈಗ ಅರ್ಥವಾಯಿತು. ನಲವತ್ತು ದಿನ ಇವನು ನುಂಗಿಕೊಂಡಿದ್ದು ಇದನ್ನೇ? ಬೆನ್ನಿನ ಪಡಿಯಚ್ಚು ತರಲು ಹೋಗಿ, ಗೋಡೆ ನೋಡಿ, ಮುಖ ತೋರಿಸಲಾರದೆ ಕೂತಿದ್ದನೇ? ಈಗ ಇಷ್ಟು ಜನರೆದುರು, ಬಕೆಟ್ ಸುರಿದವಳ ಹೆಸರನ್ನೂ ಬಚ್ಚಿಟ್ಟು!

ಮುಂದಿನ ಸಾಲಿನಲ್ಲಿ ಯಾರೋ ಲೊಚಗುಟ್ಟಿದರು. ಶರಣುವಿನ ಫೆಲೋಶಿಪ್ಪಿನ ಆಸೆ ಅಲ್ಲಿಗೆ ಮುಗಿಯಿತೆಂದು ಎಲ್ಲರಿಗೂ ತಿಳಿಯಿತು. ಅವನು ಇಳಿದು ಬಂದು ಕೊನೆಯ ಸಾಲಿನಲ್ಲಿ ಕೂತ.

“ಹನ್ನೆರಡು, ಶೈಲಶ್ರೀ.”

ವೇದಿಕೆಗೆ ಆರು ಮೆಟ್ಟಿಲು. ಹತ್ತುವಷ್ಟರಲ್ಲಿ ಅವಳ ತಲೆಯಲ್ಲಿ ನೂರು ಲೆಕ್ಕ ಓಡಿದವು. ಬೆನ್ನು ಹೋಯಿತೆಂದು ಈಗಷ್ಟೇ ಎಲ್ಲರೂ ಮರುಗಿದ್ದಾರೆ. ಅದರ ಓದು ಇಡೀ ಲೋಕದಲ್ಲಿ ಅವಳೊಬ್ಬಳ ಹತ್ತಿರ ಇದೆ. ತೋರಿಸಿದರೆ ಸಾಕು, ಫೆಲೋಶಿಪ್ ಅವಳದು. ಕೇಳುವವರಿಲ್ಲ. ಶರಣುವಂತೂ ಬಾಯಿ ಬಿಡುವುದಿಲ್ಲ, ಅದನ್ನು ಈಗ ತಾನೇ ತೋರಿಸಿಕೊಟ್ಟಿದ್ದಾನೆ.

‘ಅಂವಾ ಬಾಯಿ ಬಿಡಂಗಿಲ್ಲ. ಅದಕ್ಕಽ ನಾನು ಹೇಳಬೇಕು.’

ಕಾಗದದ ಫೋಟೋ ಪರದೆಯ ಮೇಲೆ ಬಂತು. ಕೆಳಗೆ ‘ಪಡಿಯಚ್ಚು: ಶೈಲಶ್ರೀ’. ಕೊನೆಯ ಸಾಲಿನಲ್ಲಿ ಶರಣು ಎದ್ದು ನಿಂತದ್ದು ಅವಳಿಗೆ ಕಂಡಿತು.

“ಕೆಳಗ ಬರದಿದ್ದು ಸುಳ್ಳು,” ಎಂದಳು. ಮೈಕು ಗಟ್ಟಿಯಾಗಿ ಹಿಡಿದುಕೊಂಡಳು. “ಸಿಟ್ಟಿನಾಗ ನಾನ ಬರದೇನಿ. ಈ ಪಡಿಯಚ್ಚು ಶರಣು ತೆಗೆದಿದ್ದು. ನೀರು ಹಾಕಿದಾಕಿ ನಾನು. ಅವರ ಹುಷಾರಗೇಡಿತನ ಏನೂ ಇಲ್ರಿ. ಬೇಲಿ ಮ್ಯಾಲಿಂದ ತಗೊಂಡು ಹೋದಾಕೀನೂ ನಾನ. ಓದಿದ್ದು ಮಾತ್ರ ನಂದು.”

ಆಮೇಲೆ ಓದಿದಳು. ಮುಖದ ಮೇಲಿನ ಬರಹ ಬೊಪ್ಪನೆಂಬ ವೀರ ದನಗಳಿಗಾಗಿ ಕಾದಿ ಸತ್ತದ್ದನ್ನು ಹೇಳುತ್ತದೆ. ಬೆನ್ನಿನ ಬರಹ ಅವನ ಹೆಂಡತಿ ಮಾಳವ್ವೆಯದು. ಕಲ್ಲು ನಿಲ್ಲಿಸಿದವಳು ಅವಳೇ. ತನ್ನ ಪಾಲಿನ ಹೊಲವನ್ನು ಈ ಕಲ್ಲಿನ ಮುಂದೆ ನಿತ್ಯ ದೀಪ ಹಚ್ಚಲು ಬಿಟ್ಟಿದ್ದಾಳೆ.

ಮುಗಿದ ಮೇಲೆ ಖಾದರಸಾಬ ಸರ್ ಕನ್ನಡಕ ತೆಗೆದು ಒರೆಸಿದರು. ಇನ್ನೊಬ್ಬರ ಪಡಿಯಚ್ಚನ್ನು ಕೇಳದೆ ಬಳಸಿದ್ದು ತಪ್ಪು ಎಂದು ಮೊದಲು ಕಡ್ಡಿ ಮುರಿದಂತೆ ಹೇಳಿದರು. ಶೈಲಶ್ರೀ ತಲೆ ತಗ್ಗಿಸಿದಳು. ಸರ್ ಕೊನೆಯ ಸಾಲಿನತ್ತ ನೋಡಿ, ಕೊಡುತ್ತೀಯೇನಪ್ಪಾ ಎಂದು ಕೇಳಿದರು.

“ಕೊಟ್ಟೇನ್ರಿ,” ಎಂದ ಶರಣು. “ಆವತ್ತ ಕೊಡ್ತಿದ್ದೆ. ಕೇಳಬೇಕಿತ್ತು, ಅಷ್ಟ.”

“ಹಂಗಾರ ಕೇಳವಾ ತಂಗಿ,” ಎಂದರು ಸರ್. “ಉಳದವರಕಿಂತ ನಿನ್ನ ಓದು ಮುಂದೈತಿ. ಆದರ ನೀರು ಕುಡದ ಕಾಗದ ಒಂದನ್ನ ನಂಬಿ ಫೆಲೋಶಿಪ್ ಕೊಡಾಕ ಬರಂಗಿಲ್ಲ. ಮೂರು ತಿಂಗಳು ತಗೋ. ಊರ ಮಂದಿ ಒಪ್ಪಿಗಿ ತಗೊಂಡು ಆ ಗ್ವಾಡಿ ಬಿಚ್ಚಸು, ಬೆನ್ನು ನೋಡಿ ಖಾತ್ರಿ ಮಾಡ್ಕೊಂಡು ಬಾ. ನಿನಗ ಕೊಡ್ತೇವಿ. ಒತ್ತಾಯ ಮಾಡಿದ್ದು ತಿಳಿದ್ರ ಕೊಡಂಗಿಲ್ಲ.”

ಹೊರಗೆ ಬಂದಾಗ ಶರಣು ಬೈಕಿನ ಹತ್ತಿರ ನಿಂತಿದ್ದ. ಅವಳು ಕ್ಷಮೆ ಕೇಳಿದಳು, ಅವನೂ ಕೇಳಿದ. ಇಬ್ಬರೂ ಒಟ್ಟಿಗೇ ಮಾತಾಡಿ, ಒಟ್ಟಿಗೇ ನಿಲ್ಲಿಸಿದರು.

“ನಿನ್ನ ಮುಂದ ಸಣ್ಣಾವ ಆಗಾಕ ಮನಸ್ಸು ಬರಲಿಲ್ಲ,” ಎಂದ ಕೊನೆಗೆ. “ಉಳದವರು ಏನ ಅಂದ್ಕೊಂಡ್ರೂ ನಡೀತಿತ್ತು.”

ಅವಳು ಬೈಕು ಹತ್ತಿದಳು. ಇಬ್ಬರೂ ನೀಲಗಟ್ಟಿಯ ದಾರಿ ಹಿಡಿದರು.

ನೀಲಗಟ್ಟಿಯ ಗುಡಿಗೆ ದೀಪ ಹಚ್ಚುತ್ತಿದ್ದವಳು ಮುದುಕಿ ಸಿದ್ದವ್ವ, ಊರಿಗೆಲ್ಲ ಆಯಿ. ಊರ ಹಿರಿಯರು ಎಲ್ಲ ಕೇಳಿ, ಆಯಿ ಒಪ್ಪಿದರೆ ನಮ್ಮದೇನೂ ಇಲ್ಲ ಎಂದು ಕೈ ತೊಳೆದುಕೊಂಡರು. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ! ಸಿದ್ದವ್ವ ಮೊದಲಿಗೆ ಮುಖ ತಿರುಗಿಸಿದಳು. ಕೂಡ್ರಿಸಿದ ದೇವರನ್ನು ಕದಲಿಸುವುದುಂಟೇ?

ಶೈಲಶ್ರೀ ಫೆಲೋಶಿಪ್ಪಿನ ಮಾತೆತ್ತಲಿಲ್ಲ. ಆಯಿಯ ಪಕ್ಕದಲ್ಲಿ ನೆಲಕ್ಕೇ ಕೂತು ಮಾಳವ್ವೆಯ ಕಥೆ ಹೇಳಿದಳು.

“ನೀವು ದಿನಾ ದೀಪಾ ಹಚ್ಚತೀರಲ್ರಿ ಆಯಿ, ಇದಕ್ಕಂತ ಒಬ್ಬ ಹೆಣಮಗಳು ತನ್ನ ಹೊಲಾ ಬಿಟ್ಟಾಳ. ಅಕೀ ಹೆಸರು ಗ್ವಾಡಿ ಕಡೆ ಐತಿ. ಯಾರಿಗೂ ಕಾಣವಲ್ದು.”

ಸಿದ್ದವ್ವ ಕಲ್ಲಿನ ಕಡೆ ತಿರುಗಿದಳು. ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಗ್ವಾಡಿಗೆ ಮುಖಾ ಮಾಡಿ ಕುಂತಾಳಲ್ಲ ನನ್ನವ್ವ,” ಎಂದಳು. “ಬಿಚ್ಚೂಣು. ಎರಡೂ ಕಡೆ ಕಾಣೂವಂಗ ನಡಬರಕ ನಿಲ್ಲಸೂಣು. ಆದರ ಪೂಜಿ ಮಾಡಿನ ಕದಲಸಬೇಕು. ಕದಲಸ್ರಿ ಅಂತ ಕೇಳಿದವರಽ ಜೋಡಿಲೆ ಪೂಜಿಗೆ ಕುಂದ್ರಬೇಕು, ನಮ್ಮ ಪದ್ಧತಿ. ನೀವಿಬ್ರೂ ಒಬ್ಬರಿಗೊಬ್ಬರು ಏನಾಗಬೇಕು?”

ಶರಣು ಕಾಲಬೆರಳಿನಿಂದ ಮಣ್ಣು ಕೆದರಿದ. ಕಿವಿ ಕೆಂಪಾಗಿತ್ತು. “ಗೆಳೆಯಾರ್ರೀ, ಆಯಿ.”

“ಗೆಳೆಯಾರಿಗೆ ಕುಂದ್ರಾಕ ಬರಂಗಿಲ್ಲ. ಗಂಡ ಹೆಂಡತಿನ ಆಗಬೇಕು.”

ನಲವತ್ತು ದಿನ, ಅದಕ್ಕೂ ಮೊದಲು ಎಂಟು ತಿಂಗಳು, ಶೈಲಶ್ರೀ ಯಾವ ಮಾತು ಹೇಳಲಾರದೆ ಕಿಟಕಿಯಿಂದ ಬಾಗಿಲಿಗೆ ನಡೆದಿದ್ದಳೋ, ಅದು ಈಗ ನಾಲಿಗೆಯ ತುದಿಗೆ ಬಂದು ನಿಂತಿತ್ತು.

“ಪೂಜಿ ಯಾವಾಗ ಇಟ್ಕೊಳ್ಳೂಣ್ರಿ ಆಯಿ?” ಎಂದಳು.

“ಯುಗಾದಿ ಆಗಿ ಹದಿನೈದು ದಿನಕ್ಕ.”

“ಹಂಗಾರ ಯಾಳೆ ಐತಿ,” ಎಂದು ಶೈಲಶ್ರೀ ಶರಣುವಿನ ಕಡೆ ತಿರುಗಿದಳು. “ಫೆಲೋಶಿಪ್ಪಿನ ಸಲುವಾಗಿ ಕೇಳಾಕತ್ತಾಳ ಅಂದ್ಕೋಬ್ಯಾಡ, ಶರಣು. ಅದು ಸಿಗದಿದ್ರೂ ನನಗ ನೀನ ಬೇಕು.”

ಅವನು ತಲೆ ಎತ್ತಿದ. ಕಣ್ಣು ತುಂಬಿದ್ದವು.

“ನಾನೂ ಹೇಳಬೇಕಿತ್ತು. ಸವಣೂರಿನ್ಯಾಗ ನಮ್ಮವ್ವಗ ಹೇಳಿ ಆರು ತಿಂಗಳಾತು. ನಿನಗೊಬ್ಬಾಕಿಗೆ ಹೇಳಿದ್ದಿಲ್ಲ.”

“ನಮ್ಮ ಅಪ್ಪಗ ಯಾರು ಹೇಳವರು?”

“ನಾನ.”

“ಯಾವಾಗ?”

ಶರಣು ಬಿಸಿಲು ನೋಡಿದ, ಬೈಕಿನ ಕೀಲಿ ಕೈಗೆ ತೆಗೆದುಕೊಂಡ.

“ಈಗ ಹೊಂಟ್ರ, ಹಿರೇಕೆರೂರಿಗೆ ರಾತ್ರಿ ಊಟದ ಯಾಳೆಕ್ಕ ಮುಟ್ತೇವಿ.”